ಲೂರ್ದಕ್ಕನ ಹೌದು, ಲೂರ್ದಕ್ಕನ ಅಲ್ಲ

ಬೆಳಗಿನ ಐದು ಮುಕ್ಕಾಲು. ಪೀಣ್ಯ ಎರಡನೇ ಹಂತದ ಅಡ್ಡರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ರಾತ್ರಿ ಪಾಳಿಯವರು ಕಣ್ಣುಜ್ಜಿಕೊಂಡು ಹೊರಗೆ ಬರುತ್ತಿದ್ದಾರೆ, ಬೆಳಗಿನ ಪಾಳಿಯವರು ಊಟದ ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದಾರೆ. ಗೇಟಿನೆದುರಿನ ಗಾಡಿಯಲ್ಲಿ ಟೀ ಕುದಿಯುತ್ತಿದೆ. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಶೆಡ್ಡಿನ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನುಣುಪಾದ ಗ್ರಾನೈಟ್ ಮೇಜಿನ ಮುಂದೆ ಐವತ್ತೆರಡು ವರ್ಷದ ಲೂರ್ದಮ್ಮ ನಿಂತಿದ್ದಾರೆ. ಹಳೆಯ ಬನಿಯನ್ ಬಟ್ಟೆಯಿಂದ ಗೇಣುದ್ದದ ಉಕ್ಕಿನ ಕಡ್ಡಿಯೊಂದನ್ನು ಒರೆಸುತ್ತಿದ್ದಾರೆ. ಕೂಸಿನ ಮೈ ಒರೆಸುವವರಿಗೂ ಇಷ್ಟು ತಾಳ್ಮೆ ಇರಲಿಕ್ಕಿಲ್ಲ.

ಲೇತ್ ವಿಭಾಗದ ಮಾಲಾ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಲೂರ್ದಮ್ಮ ಕಡ್ಡಿಯನ್ನು ಅವರ ಕಣ್ಣೆದುರು ಹಿಡಿಯುತ್ತಾರೆ. ಹಿಡಿಯ ಮೇಲೆ ಕೊರೆದ ಅಕ್ಷರಗಳನ್ನು ಮಾಲಾ ಶಾಲೆಯ ಮಗ್ಗಿಯಂತೆ ಗಟ್ಟಿಯಾಗಿ ಓದುತ್ತಾರೆ: “ಇಪ್ಪತ್ತೈದು, ಎಚ್ ಏಳು.” ಲೂರ್ದಮ್ಮ ತಲೆಯಾಡಿಸುತ್ತಾರೆ. ಯಂತ್ರದಿಂದ ಬಂದ ಮೊದಲ ಬುಶ್ಶನ್ನು, ಗಿಡ್ಡನೆಯ ಲೋಹದ ಕೊಳವೆಯೊಂದನ್ನು, ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯ ಕಡ್ಡಿಯನ್ನು ಅದರ ರಂಧ್ರದೊಳಗೆ ಇಳಿಬಿಡುತ್ತಾರೆ. ಒತ್ತುವುದಿಲ್ಲ, ತಿರುಚುವುದಿಲ್ಲ. ಕಡ್ಡಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ತಿರುಗಿಸಿ ಇನ್ನೊಂದು ತುದಿ ಇಡುತ್ತಾರೆ; ಅದು ಬಾಯಲ್ಲೇ ನಿಲ್ಲುತ್ತದೆ. “ಹೌದು,” ಎನ್ನುತ್ತಾರೆ. ಶೆಡ್ಡಿನಲ್ಲಿ ದಿನ ಶುರುವಾಗುವುದು ಆ ಒಂದು ಮಾತಿನಿಂದ.

ಈ ಕಡ್ಡಿಗೆ ಕಾರ್ಖಾನೆಯವರು ಗೇಜ್ ಎನ್ನುತ್ತಾರೆ; ಅದು ಯಾವ ಅಳತೆಯ ರಂಧ್ರಕ್ಕೆ ಎಂಬುದನ್ನು ಹಿಡಿಯ ಮೇಲಿನ ಸಂಖ್ಯೆ ಹೇಳುತ್ತದೆ. ಅದಕ್ಕೆ ಎರಡೇ ತುದಿ. ಒಂದು ‘ಗೋ’, ಅದು ರಂಧ್ರದೊಳಗೆ ಹೋಗಬೇಕು. ಇನ್ನೊಂದು ಕೆಂಪು ಪಟ್ಟಿಯ ‘ನೋಗೋ’, ಅದು ಹೋಗಲೇಬಾರದು. ಮೊದಲನೆಯದು ಹೋಗದಿದ್ದರೆ ರಂಧ್ರ ಸಣ್ಣದಾಯಿತು, ಎರಡನೆಯದು ಹೋದರೆ ದೊಡ್ಡದಾಯಿತು. ಟ್ರ್ಯಾಕ್ಟರಿನ ಪಂಪಿನೊಳಗೆ ಕೂರುವ ಈ ಬುಶ್ಶು ಕೂದಲೆಳೆಯ ಕಾಲುಭಾಗದಷ್ಟು ಹೆಚ್ಚುಕಡಿಮೆಯಾದರೂ ಎಲ್ಲೋ ಒಂದು ಹೊಲದ ನಡುವೆ ಎಣ್ಣೆ ಸೋರಿ ಟ್ರ್ಯಾಕ್ಟರು ನಿಂತುಬಿಡುತ್ತದೆ. ಲೂರ್ದಮ್ಮ ದಿನಕ್ಕೆ ಸಾವಿರದ ಆರುನೂರು ಬುಶ್ಶುಗಳನ್ನು ನೋಡುತ್ತಾರೆ. ಅಂದರೆ ದಿನಕ್ಕೆ ಸಾವಿರದ ಆರುನೂರು ಸಲ ಹೌದು ಅಥವಾ ಅಲ್ಲ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅವರ ಹೆಸರು ಯಾವ ಬುಶ್ಶಿನ ಮೇಲೂ ಇಲ್ಲ. ‘ಎಲ್’ ಎಂಬ ಒಂದು ಅಕ್ಷರದ ಮುದ್ರೆ ಮಾತ್ರ ಇದೆ, ಅದೂ ಎಣ್ಣೆಯಲ್ಲಿ ಅರ್ಧ ಅಳಿಸಿಹೋಗಿರುತ್ತದೆ.

“ನಮ್ ಯೇಸುಸ್ವಾಮಿ ಹೇಳಿರೋದೂ ಇದೇ ಅಲ್ವಾ ಸಾರ್,” ಎಂದು ಅವರು ಮಾತಾಡಿಸಲು ಬಂದವರತ್ತ ನೋಡಿ ನಗುತ್ತಾರೆ. “ಹೌದು ಅಂದ್ರೆ ಹೌದು ಅಷ್ಟೇ, ಅಲ್ಲ ಅಂದ್ರೆ ಅಲ್ಲ ಅಷ್ಟೇ. ಅದಕ್ಕೊಂದು ಬಾಲ ಕಟ್ಬೇಡಿ ಅಂತ. ಸುಮಾರಾಗಿದೆ, ನಡೆಯುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ, ಇವೆಲ್ಲ ಬಾಲ. ಗೇಜಿಗೆ ಬಾಲ ಇಲ್ಲ ಸಾರ್, ಎರಡೇ ತುದಿ.”

ಲೂರ್ದಮ್ಮ ಬೇಗೂರಿನವರು. ಅಪಾರ್ಟ್‌ಮೆಂಟುಗಳು ಬರುವ ಮುಂಚಿನ ಬೇಗೂರು. ಕೆರೆಯ ಕೆಳಗೆ ಅವರ ತಂದೆ ಇನ್ನಾಸಪ್ಪ ಬೇರೆಯವರ ತೋಟಕ್ಕೆ ನೀರು ಹಾಯಿಸುತ್ತಿದ್ದರು. ಹತ್ತನೇ ತರಗತಿ ಮುಗಿಸಿದ್ದು ಕನ್ನಡ ಶಾಲೆಯಲ್ಲಿ, ಜಪ ಕಲಿತದ್ದು ಅಜ್ಜಿ ಜಪಮಾಲಮ್ಮನ ತೊಡೆಯ ಮೇಲೆ. ಅಜ್ಜಿ ಅವರೆಕಾಯಿ ಕಾಲದಲ್ಲಿ ಬುಟ್ಟಿ ಹೊತ್ತು ಮಾರುತ್ತಿದ್ದವಳು. ಸೇರಿನಲ್ಲಿ ಅಳೆಯುವಾಗ ಮೇಲೆ ಗೋಪುರ ಕಟ್ಟಿ, ಕುಲುಕಿ, ಮತ್ತೆ ಗೋಪುರ ಕಟ್ಟಿ ಕೊಡುತ್ತಿದ್ದಳಂತೆ. “ನಾವು ಯಾವ ಸೇರಲ್ಲಿ ಅಳೀತೀವೋ ದೇವ್ರು ನಮಗೂ ಅದೇ ಸೇರಲ್ಲಿ ಅಳೀತಾನೆ ಕಣೇ, ಸೇರು ಬದಲಾಯ್ಸಕ್ಕಾಗಲ್ಲ” ಎನ್ನುವುದು ಅಜ್ಜಿಯ ಮಾತು. ಓದು ಬರದ ಮುದುಕಿ ಯೇಸುವಿನ ಶುಭಸಂದೇಶವನ್ನು ಅವರೆಕಾಯಿ ಬುಟ್ಟಿಯೊಳಗೆ ಹಾಕಿಕೊಂಡು ಊರೆಲ್ಲ ಸುತ್ತುತ್ತಿದ್ದಳು ಎಂದರೆ ತಪ್ಪಾಗಲಾರದು.

ಮದುವೆಯಾಗಿ ದಾಸರಹಳ್ಳಿಗೆ ಬಂದರು. ಪತಿ ದಾವೀದಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಗಳು ಈಗ ನರ್ಸು. ಈ ಶೆಡ್ಡಿಗೆ ಸೇರಿದಾಗ ಲೂರ್ದಮ್ಮನಿಗೆ ಕೊಟ್ಟಿದ್ದು ಪ್ಯಾಕಿಂಗ್ ಕೆಲಸ. ಡಬ್ಬಕ್ಕೆ ತುಂಬುವಾಗ ಅವರು ಆಗಾಗ ಒಂದೊಂದು ಬುಶ್ಶನ್ನು ಪಕ್ಕಕ್ಕೆ ಎತ್ತಿಡುತ್ತಿದ್ದರು. ಯಾಕೆಂದು ಕೇಳಿದರೆ, ಬೆರಳಿಗೆ ಸರಿಯಾಗಿ ಕಾಣ್ಲಿಲ್ಲ ಎನ್ನುತ್ತಿದ್ದರು. ಮಾಲೀಕ ಚನ್ನವೀರಪ್ಪ, ದಾವಣಗೆರೆ ಕಡೆಯ ಇಂಜಿನಿಯರು, ಒಂದು ದಿನ ಆ ಎತ್ತಿಟ್ಟವುಗಳನ್ನು ಅಳೆದು ನೋಡಿದರು. ಹನ್ನೊಂದರಲ್ಲಿ ಹತ್ತು ಕೆಟ್ಟಿದ್ದವು. ಮರುದಿನವೇ ಲೂರ್ದಮ್ಮನ ಕೈಗೆ ಗೇಜ್ ಬಂತು.

ಕೆಲಸ ನೋಡಲು ಹಗುರ, ಮಾಡಲು ಕಷ್ಟ. ಎಂಟು ತಾಸು ನಿಂತೇ ಇರಬೇಕು. ಕಾಲಿನ ನರಗಳು ಹಸಿರಾಗಿ ಉಬ್ಬಿವೆ. ಯಂತ್ರದ ಎಣ್ಣೆನೀರಿಗೆ ಬೆರಳ ಸಂದಿಯ ಚರ್ಮ ಬಿರಿಯುತ್ತದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಬೇಕು. ಇವೆಲ್ಲಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಅಲ್ಲ ಎನ್ನುವವರನ್ನು ಯಾರೂ ಇಷ್ಟಪಡುವುದಿಲ್ಲ. ಬೆಳಗಿನಿಂದ ಬೆವರು ಸುರಿಸಿ ಮಾಡಿದ ವಸ್ತುವನ್ನು ಒಬ್ಬ ಹೆಂಗಸು ಆರು ಸೆಕೆಂಡಿನಲ್ಲಿ ಕೆಂಪು ತೊಟ್ಟಿಗೆ ಎಸೆದರೆ ಯಾರಿಗೆ ತಾನೇ ಹಿಡಿಸೀತು? “ಮದರ್ ಬಂದ್ರು, ತೀರ್ಪು ಶುರು” ಎಂದು ಹುಡುಗರು ಚುಡಾಯಿಸುತ್ತಾರೆ. ಊಟದ ಹೊತ್ತಿಗೆ ಅದೇ ಹುಡುಗರು ಅವರ ಡಬ್ಬಿಯ ಸಾರಿಗೆ ಕೈ ಹಾಕುತ್ತಾರೆ.

ಅವರು ಯಾರಿಗೂ ಉಪದೇಶ ಮಾಡುವುದಿಲ್ಲ. “ಟೈಮೆಲ್ಲಿ ಸಾರ್? ಪೀಸ್ ಬರ್ತಾನೇ ಇರುತ್ತೆ” ಎನ್ನುತ್ತಾರೆ. ಬಸ್ಸಿನಲ್ಲಿ ಜಪಮಾಲೆ ಹೊರಗೆ ತೆಗೆಯುವುದಿಲ್ಲ. ಹತ್ತು ಬೆರಳಿದ್ದಾವಲ್ಲ, ಅವನ್ನೇ ಮಣಿ ಮಾಡಿಕೊಳ್ಳುತ್ತಾರೆ. ಆಯುಧಪೂಜೆಯ ದಿನ ಎಲ್ಲರಿಗಿಂತ ಮೊದಲು ಬಂದು ಯಂತ್ರಗಳನ್ನು ಒರೆಸುವುದು ಅವರೇ. ಆದರೆ ವರ್ಷಗಳಿಂದ ಒಂದು ಪ್ರಶ್ನೆ ಅವರ ಒಳಗೆ ಚುಚ್ಚುತ್ತಿತ್ತು. ಇನ್ನೊಬ್ಬರಿಗೆ ತೀರ್ಪು ಕೊಡಬೇಡಿ ಎನ್ನುತ್ತಾನೆ ಪ್ರಭು. ತನ್ನ ಹೊಟ್ಟೆಪಾಡೇ ತೀರ್ಪು ಕೊಡುವುದು. ಇದಕ್ಕೆ ಅವರು ತಮ್ಮಷ್ಟಕ್ಕೆ ಒಂದು ಗೆರೆ ಹಾಕಿಕೊಂಡಿದ್ದರು. “ತೀರ್ಪು ಪೀಸಿಗೆ, ಮನುಷ್ಯನಿಗಲ್ಲ. ಇಪ್ಪತ್ತೆರಡು ವರ್ಷ ಆ ಗೆರೆ ದಾಟಿರ್ಲಿಲ್ಲ ಸಾರ್. ಜನವರಿಯಲ್ಲಿ ದಾಟ್ಬಿಟ್ಟೆ.”

ಯಾರೂ ಕೇಳುವ ಮೊದಲೇ ಅವರು ಈ ಕಥೆಯನ್ನು ಹೇಳುತ್ತಾರೆ. ಮುಚ್ಚಿಡುವ ಆಸೆ ಅವರಿಗೆ ಈಗ ಉಳಿದಿಲ್ಲ.

ಆಗ ಅವರ ಗೇಜಿನ ಹಿಡಿಗೆ ಕಪ್ಪು ಟೇಪು ಸುತ್ತಿರುತ್ತಿತ್ತು. ಎಣ್ಣೆಕೈಯಲ್ಲಿ ಜಾರಬಾರದೆಂದು ಶೆಡ್ಡಿನಲ್ಲಿ ಎಲ್ಲರೂ ಹಾಗೆ ಸುತ್ತುತ್ತಾರೆ. ಲೂರ್ದಮ್ಮ ಅದರ ಮೇಲೆ ಬಿಳಿ ಬಣ್ಣದಲ್ಲಿ ಪುಟ್ಟದೊಂದು ಶಿಲುಬೆ ಬರೆದುಕೊಳ್ಳುತ್ತಿದ್ದರು. ತಮ್ಮದೆಂಬ ಗುರುತೂ ಆಯಿತು, ಕೆಲಸದ ನಡುವೆ ದೇವರ ನೆನಪೂ ಆಯಿತು. ಸಂಕ್ರಾಂತಿ ರಜೆ ಮುಗಿಸಿ ಬಂದವರು ಮೇಜು ತೊಳೆದು, ಕೊಳೆಯಾದ ಟೇಪು ಕಿತ್ತು ಹೊಸದು ಸುತ್ತಿದರು. ಮೇಜಿನ ಮೇಲೆ ಅವಳಿಜವಳಿಯಂತೆ ಎರಡು ಗೇಜುಗಳಿದ್ದವು. ಒಂದು ಟ್ರ್ಯಾಕ್ಟರ್ ಬುಶ್ಶಿನದು. ಇನ್ನೊಂದು ಬೇರೊಂದು ಕಂಪನಿಯ ಬಿಗಿ ಅಳತೆಯ ಬುಶ್ಶಿನದು. ಅದರ ನೋಗೋ ತುದಿ ಕೂದಲನ್ನು ಎಂಟು ಸೀಳು ಮಾಡಿದರೆ ಒಂದು ಸೀಳಿನಷ್ಟು ಸಣ್ಣದು. ಕೈಗೆ ಸಿಕ್ಕಿದ್ದಕ್ಕೆ ಟೇಪು ಸುತ್ತಿ, ಶಿಲುಬೆ ಬರೆದರು. ಸಿಕ್ಕಿದ್ದು ಆ ಎರಡನೆಯದು. ಕೊರೆದ ಸಂಖ್ಯೆ ಟೇಪಿನಡಿ ಮುಚ್ಚಿಹೋಯಿತು.

ಬಿಗಿ ಗೇಜಿನ ನೋಗೋ ಒಳ್ಳೆಯ ರಂಧ್ರದೊಳಗೂ ಇಳಿದುಬಿಡುತ್ತದೆ. ಅಂದಿನಿಂದ ಮೂರು ದಿನ ಬಂದ ಟ್ರ್ಯಾಕ್ಟರ್ ಬುಶ್ಶುಗಳಲ್ಲಿ ನಾನೂರ ಹನ್ನೆರಡಕ್ಕೆ ಲೂರ್ದಮ್ಮ ಅಲ್ಲ ಎಂದರು. ಅವೆಲ್ಲ ಒಂದೇ ಯಂತ್ರದವು, ರಂಧ್ರವನ್ನು ಕೊನೆಯದಾಗಿ ಕಲ್ಲಿನಿಂದ ಉಜ್ಜಿ ನುಣುಪು ಮಾಡುವ ಹೋನಿಂಗ್ ಯಂತ್ರದವು. ಅದನ್ನು ಒಂಬತ್ತು ವರ್ಷದಿಂದ ನಡೆಸುತ್ತಿದ್ದವನು ಯಮನೂರ, ಕುಷ್ಟಗಿ ಕಡೆಯ ಮೂವತ್ತನಾಲ್ಕರ ಗಂಡಸು, ಮಾತು ಕಡಿಮೆ. ಯಂತ್ರದ ಸದ್ದು ಕೇಳಿಯೇ ಕಲ್ಲು ಎಷ್ಟು ಸವೆದಿದೆ ಎಂದು ಹೇಳುವವನು. ಮೂರನೇ ದಿನ ಅವನು ಮೇಜಿನ ಹತ್ತಿರ ಬಂದು, “ಅಕ್ಕಾರ, ಒಮ್ಮೆ ಆ ಗೇಜ್ ನೋಡ್ರಿ” ಎಂದ.

ಪಾಳಿ ಬದಲಾಗುವ ಹೊತ್ತು. ಎರಡೂ ಪಾಳಿಯವರು ಅಲ್ಲೇ ಇದ್ದರು. ಲೂರ್ದಮ್ಮನಿಗೆ ಕಾಲು ಸಿಡಿಯುತ್ತಿತ್ತು, ಕೆಂಪು ತೊಟ್ಟಿ ತುಂಬಿ ತುಳುಕುತ್ತಿತ್ತು, ಮೇಲಿಂದ ಈ ಪ್ರಶ್ನೆ. “ನೀನು ಹುಡುಗ ಆಗಿದ್ದಾಗಿಂದ ನಾನು ಗೇಜ್ ಹಿಡೀತಿದ್ದೀನಿ. ಗೇಜಿಗೇನಾಗಿಲ್ಲ. ನಿನಗೆ ಕೈ ಇಲ್ಲ,” ಎಂದುಬಿಟ್ಟರು.

ಹೊರಗಿನವರಿಗೆ ಇದು ಸಣ್ಣ ಮಾತು. ಪೀಣ್ಯದಲ್ಲಿ ಸಣ್ಣದಲ್ಲ. ಒಬ್ಬ ಕೆಲಸಗಾರನಿಗೆ ‘ಕೈ ಇದೆ’ ಎಂದರೆ ಅವನಿಗೆ ವಿದ್ಯೆ ಒಲಿದಿದೆ ಎಂದರ್ಥ; ‘ಕೈ ಇಲ್ಲ’ ಎಂದರೆ ಅವನು ಎಷ್ಟು ವರ್ಷ ದುಡಿದರೂ ದಂಡ. ಬೈಗುಳವನ್ನಾದರೂ ಒರೆಸಿಕೊಂಡು ಹೋಗಬಹುದು, ಇದು ಅಂಟಿಕೊಳ್ಳುತ್ತದೆ. ಬೇರೆ ಉಪಕರಣದಿಂದ ಒಮ್ಮೆ ಅಳೆದು ನೋಡಬಹುದಿತ್ತು. ಯಾರೂ ನೋಡಲಿಲ್ಲ. ಲೂರ್ದಕ್ಕ ಅಲ್ಲ ಎಂದರೆ ಅಲ್ಲ, ಅದು ಆ ಶೆಡ್ಡಿನ ನಂಬಿಕೆ. ಅವರ ಒಳ್ಳೆಯ ಹೆಸರೇ ಯಮನೂರನ ಕುತ್ತಿಗೆಗೆ ಬಂತು. ಮೇಲ್ವಿಚಾರಕ ಗುರುರಾಜ್ ಯಮನೂರನನ್ನು ಬುಶ್ಶು ತೊಳೆಯುವ ತೊಟ್ಟಿಗೆ ಹಾಕಿ, ಯಂತ್ರದ ಹೊಂದಿಕೆಯನ್ನು ಬಿಗಿ ಮಾಡಿ ಬೇರೆಯವನನ್ನು ನಿಲ್ಲಿಸಿದರು. ಬಿಗಿಯಾದ ರಂಧ್ರಗಳು ಬಿಗಿ ಗೇಜಿನಲ್ಲಿ ಪಾಸಾದವು. ಅಲ್ಲಿಗೆ ತಪ್ಪು ಯಮನೂರನದೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಹುಡುಗರು “ಕೈ ಇಲ್ದೋನು ಬಂದ ಕಣೋ” ಎನ್ನತೊಡಗಿದರು. ನಾಲ್ಕು ದಿನ ಸಹಿಸಿದ ಅವನು ಐದನೇ ದಿನ ಏಪ್ರನ್ನು ಮೊಳೆಗೆ ನೇತುಹಾಕಿ ಹೋದವನು ತಿರುಗಿ ಬರಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಗೇಜುಗಳನ್ನು ವರ್ಷದ ತಪಾಸಣೆಗೆ ಕಳಿಸಬೇಕಿತ್ತು. ಕಳಿಸುವ ಮುನ್ನ ಟೇಪು ಕಿತ್ತು ಶುಚಿ ಮಾಡಬೇಕು. ಲೂರ್ದಮ್ಮ ಒಬ್ಬರೇ ಕೂತು ತಮ್ಮ ಶಿಲುಬೆಯ ಟೇಪು ಬಿಚ್ಚಿದರು. ಕೆಳಗೆ ‘ಎಚ್ ಏಳು’ ಇರಬೇಕಾದಲ್ಲಿ ‘ಎಚ್ ಆರು’ ಎಂದಿತ್ತು. ಎರಡು ಸಲ ಒರೆಸಿದರು, ಕನ್ನಡಕ ತೆಗೆದು ಹಾಕಿದರು. ಅಕ್ಷರ ಬದಲಾಗಲಿಲ್ಲ.

“ಆಗ ನಾನೇನ್ ಮಾಡ್ದೆ ಗೊತ್ತಾ ಸಾರ್?” ಎನ್ನುವಾಗ ಅವರ ದನಿ ಇಳಿಯುತ್ತದೆ. “ಅಕ್ಕಪಕ್ಕ ನೋಡ್ದೆ. ಯಾರೂ ಇರ್ಲಿಲ್ಲ. ಎರಡನ್ನೂ ಒರೆಸಿ ಸರಿಯಾದ ಡಬ್ಬಿಗೆ ಹಾಕಿ ಕಳಿಸ್ಬಿಟ್ಟೆ. ಗುರುವಾರ ಸುಮ್ನಿದ್ದೆ, ಶುಕ್ರವಾರ ಸುಮ್ನಿದ್ದೆ, ಶನಿವಾರಾನೂ ಸುಮ್ನಿದ್ದೆ. ಮೂರು ದಿನ. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ ಪೇತ್ರನಿಗಾದ್ರೂ ಕೋಳಿ ಕೂಗಿ ಎಚ್ಚರ ಆಯ್ತು, ನನಗೆ ಫ್ಯಾಕ್ಟರಿ ಸೈರನ್ ಎಷ್ಟು ಸಲ ಕೂಗಿದ್ರೂ ಬಾಯಿ ಬರ್ಲಿಲ್ಲ.”

ಬುಶ್ಶುಗಳು ಆಗಲೇ ಗುಜರಿಗೆ ಹೋಗಿ ಕರಗಿದ್ದವು. ಸಾಕ್ಷಿ ಯಾವುದೂ ಉಳಿದಿರಲಿಲ್ಲ. ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ, ಬಿಡದಿದ್ದರೆ ಒಬ್ಬನ ಕೈಯ ಹೆಸರು ಹೋದದ್ದು ಹೋದಂತೆಯೇ. ಶನಿವಾರ ರಾತ್ರಿ ಪತಿಗೂ ಹೇಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಕಾಣಿಕೆ ಒಯ್ಯುವ ಸರದಿ ಅವರ ಬೀದಿಯವರದು. ಬಲಿಪೂಜೆಯ ನಡುವೆ ರೊಟ್ಟಿ, ದ್ರಾಕ್ಷಾರಸಗಳನ್ನು ಹಿಂದಿನಿಂದ ಬಲಿಪೀಠದವರೆಗೆ ಮೆರವಣಿಗೆಯಲ್ಲಿ ತರುವುದು ಕ್ರಮ. ರೊಟ್ಟಿಯ ತಟ್ಟೆ ಲೂರ್ದಮ್ಮನ ಕೈಯಲ್ಲಿತ್ತು. ಅದಕ್ಕೆ ಸ್ವಲ್ಪ ಮುಂಚೆ ಗುರುಗಳು ಶುಭಸಂದೇಶ ಓದಿದ್ದರು. ಕಾಣಿಕೆ ಕೊಡಲು ಬಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ನೋವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎನ್ನುವ ಭಾಗ. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಅದರ ಹಿಂದಿನ ಮಾತನ್ನು ಅವರು ಅಂದು ಮೊದಲ ಸಲ ಗಮನಿಸಿದರು: ಸೋದರನನ್ನು ಕೆಲಸಕ್ಕೆ ಬಾರದವನೇ ಎಂದು ಹೀಗಳೆದವನ ಗತಿ ಏನೆಂಬ ಮಾತು. ಎರಡೂ ಒಂದರ ಹಿಂದೊಂದು ಇದ್ದವು. “ಕೆಲಸಕ್ಕೆ ಬಾರದವನು ಅಂದ್ರೆ ಕೈ ಇಲ್ದೋನು ಅಂತಾನೇ ಅಲ್ವಾ ಸಾರ್? ನಮ್ ಪೀಣ್ಯದ ಭಾಷೇಲೇ ಹೇಳ್ದಂಗಾಯ್ತು.”

ಮೆರವಣಿಗೆ ಹೊರಡುವಷ್ಟರಲ್ಲಿ ಅವರು ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಹೊರಗೆ ನಡೆದರು. ಹೊಟ್ಟೆನೋವಿರಬೇಕೆಂದು ಜನ ಅಂದುಕೊಂಡರು.

ಯಮನೂರನ ಫೋನು ಸ್ವಿಚ್ ಆಫ್. ಅವನು ಬಾಡಿಗೆಗಿದ್ದದ್ದು ಪೀಣ್ಯ ಹಳ್ಳಿಯ ನಾಗಲಕ್ಷ್ಮಮ್ಮನ ವಠಾರದಲ್ಲಿ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹತ್ತು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿರುವ ಆಕೆ, ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. “ಅವ್ನಾ? ವರ್ತೂರ್ ಕಡೀಕ್ ಓದ ಕಣವ್ವ, ಎಂಡ್ರು ಮಕ್ಳು ಕಟ್ಕಂಡು. ಅದ್ಯಾವ್ದೋ ದೊಡ್ ಅಪಾರ್ಟ್‌ಮೆಂಟಲ್ಲಿ ಗಿಡಕ್ಕೆ ನೀರ್ ಬಿಡ್ತಾನಂತೆ,” ಎಂದವರು, ಕೈ ನಿಲ್ಲಿಸಿ ಸೇರಿಸಿದರು: “ಅಂಗೆ ಓಗೋ ಮನ್ಸ ಅಲ್ಲ ಅವ್ನು. ಯಾರೋ ಏನೋ ಅಂದವ್ರೆ.” ಅಂದವರು ತಾನೇ ಎಂದು ಹೇಳುವ ಧೈರ್ಯ ಲೂರ್ದಮ್ಮನಿಗೆ ಆ ಜಗುಲಿಯ ಮುಂದೆ ಬರಲಿಲ್ಲ.

ಪೀಣ್ಯದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ವರ್ತೂರು. ಎರಡೂವರೆ ತಾಸು. ಅಲ್ಲಿ ಎರಡು ಮೂರು ಗೇಟಿನಲ್ಲಿ ವಿಚಾರಿಸಿ ಅವನಿರುವ ಜಾಗ ಪತ್ತೆ ಮಾಡಿದರು. ಅಪಾರ್ಟ್‌ಮೆಂಟಿನ ಕಾವಲುಗಾರ “ಯಾವ ಫ್ಲ್ಯಾಟು ಮೇಡಂ?” ಎಂದ. ಫ್ಲ್ಯಾಟಿನವರನ್ನಲ್ಲ, ತೋಟದವನನ್ನು ನೋಡಬೇಕು ಎಂದಾಗ ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟ. ಮಧ್ಯಾಹ್ನದ ಬಿಸಿಲಿನಲ್ಲಿ, ಕತ್ತರಿಸಿದ ಹುಲ್ಲಿನ ನಡುವೆ, ಶೆಡ್ಡಿನಲ್ಲಿ ಕೂದಲ ಎಳೆಯ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದ ಯಮನೂರ ರಬ್ಬರ್ ಪೈಪು ಹಿಡಿದು ನಿಂತಿದ್ದ. ನೋಡಿ ಲೂರ್ದಮ್ಮನಿಗೆ ಅಳು ಬಂತು. ಅವನಿಗೆ ಬರಲಿಲ್ಲ.

“ಗೇಜ್ ತಪ್ಪಿತ್ತು ಯಮನೂರಪ್ಪ. ಬೇರೆ ಗೇಜಿಗೆ ಟೇಪ್ ಸುತ್ಬಿಟ್ಟಿದ್ದೆ. ನಿನ್ನ ಪೀಸೆಲ್ಲಾ ಸರಿಯಾಗಿತ್ತು.”

ಅವನು ಪೈಪನ್ನು ಇನ್ನೊಂದು ಗಿಡಕ್ಕೆ ಸರಿಸಿದ. “ನನ್ನ ಪೀಸ ಸರಿ ಇದ್ದದ್ದು ನನಗ ಅವತ್ತ ಗೊತ್ತಿತ್ರಿ ಅಕ್ಕಾರ. ಗೇಜ್ ನೋಡ್ರಿ ಅಂತ ಹೇಳಿದಾಂವ ನಾನ ಅಲ್ಲೇನ್ರಿ?”

“ಹೇಳಿದ್ದೆ. ನಾನು ಕೇಳ್ಲಿಲ್ಲ. ತಪ್ಪಾಯ್ತು ಕಣಪ್ಪ, ಕ್ಷಮಿಸ್ಬಿಡು.”

“ಇಲ್ಲಿ ಯಾರ ಅದಾರ್ರಿ ಕೇಳಾಕ? ಈ ಹುಲ್ಲ ಕೇಳತೈತಿ.” ದನಿ ಏರಲಿಲ್ಲ. “ನಾಕ ಮಂದಿ ಮುಂದ ಅಂದ ಮಾತ, ನಾಕ ಮಂದಿ ಮುಂದನ ವಾಪಸ್ ತಗೋಬೇಕ್ರಿ. ಚಾ ಕುಡದ ಹೋಗ್ರಿ, ಬಿಸಲಾಗ ಬಂದೀರಿ.”

ಚಹಾ ಕುಡಿಸಿದ. ಕ್ಷಮಿಸಿದೆ ಎನ್ನಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಲೂರ್ದಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಬಂದು, ವಯಸ್ಸಿನಲ್ಲಿ ದೊಡ್ಡವಳು ಕೈ ಮುಗಿದರೂ ಇವನ ಮನಸ್ಸು ಕರಗಲಿಲ್ಲವಲ್ಲ ಎಂಬ ಸಿಟ್ಟು. ಮಾರತಹಳ್ಳಿ ದಾಟುವ ಹೊತ್ತಿಗೆ ಅದು ಇಳಿಯಿತು. “ಕ್ಷಮೆ ಕೇಳ್ದೆ ಅಂತ ಅನ್ಕೊಂಡಿದ್ದೆ ಸಾರ್. ಯೋಚ್ನೆ ಮಾಡಿದ್ರೆ, ನನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಹೋಗಿದ್ದೆ ಅಷ್ಟೇ. ಅವನ ಭಾರ ಹಾಗೇ ಇತ್ತು.”

ಸೋಮವಾರ ಬೆಳಿಗ್ಗೆ ಆರಕ್ಕೆ, ಪಾಳಿ ಶುರುವಾಗುವ ಮುಂಚಿನ ಐದು ನಿಮಿಷದ ಸಭೆ. ಎರಡೂ ಪಾಳಿಯ ಇಪ್ಪತ್ತೆಂಟು ಮಂದಿ. ಗುರುರಾಜ್ ದಿನದ ಗುರಿ ಓದಿ ಮುಗಿಸಿದ ಮೇಲೆ ಲೂರ್ದಮ್ಮ ಕೈ ಎತ್ತಿದರು. “ಯಮನೂರನಿಗೆ ಫೋನ್ ಹಚ್ಚಿ, ಎಲ್ರಿಗೂ ಕೇಳೋ ಹಾಗೆ ಇಡಿ” ಎಂದರು. ಗುರುರಾಜ್ ಗೊಂದಲದಲ್ಲೇ ಹಚ್ಚಿದರು. ಈ ಸಲ ರಿಂಗಾಯಿತು, ಎತ್ತಿದ. ಲೂರ್ದಮ್ಮ ನಡೆದದ್ದನ್ನೆಲ್ಲ ಹೇಳಿದರು. ಟೇಪಿನ ವಿಷಯ, ಸಂಖ್ಯೆಯ ವಿಷಯ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ ವಿಷಯ. “ಕೈ ಇಲ್ಲ ಅಂದೆ. ಇತ್ತು. ಕಣ್ಣು ಇಲ್ದೇ ಇದ್ದಿದ್ದು ನನಗೆ,” ಎಂದರು. ಹಿಂದಿನಿಂದ ಯಾರೋ ಕನಿಕರಪಟ್ಟು, “ಬಿಡಿ ಅಕ್ಕ, ಆಗುತ್ತೆ” ಎಂದರು. “ಆಗಿದ್ದಲ್ಲಪ್ಪ, ನಾನು ಮಾಡಿದ್ದು” ಎಂದು ತಿರುಗಿ ಹೇಳಿದರು. ಫೋನಿನಲ್ಲಿ ಗಿಡಕ್ಕೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಕರೆ ಕಡಿಯಿತು.

ಚನ್ನವೀರಪ್ಪ ಲೂರ್ದಮ್ಮನನ್ನು ತಮ್ಮ ಕೋಣೆಗೆ ಕರೆದರು. ಸಿಟ್ಟಿಗಿಂತ ಅವರಿಗೆ ದಿಗಿಲೇ ಹೆಚ್ಚಾಗಿತ್ತು. “ನನಗೊಬ್ಬನಿಗೆ ಹೇಳಿದ್ರ ಸಾಕಿತ್ತಲ್ರೀ ಲೂರ್ದಮ್ಮ. ನಾಳೆ ಕಂಪನಿಯವ್ರು ಆಡಿಟ್‌ಗೆ ಬಂದು ಕೇಳಿದ್ರ ಏನು ಹೇಳ್ಲಿ?”

“ಇದ್ದದ್ದು ಹೇಳಿ ಸಾರ್. ಅಂದಿದ್ದು ನಿಮ್ಮೊಬ್ರ ಮುಂದೆ ಅಲ್ವಲ್ಲ.”

‘ಎಲ್’ ಮುದ್ರೆಯನ್ನು ಚನ್ನವೀರಪ್ಪ ವಾಪಸು ತೆಗೆದುಕೊಂಡರು. ಲೂರ್ದಮ್ಮ ಮತ್ತೆ ಪ್ಯಾಕಿಂಗಿಗೆ, ಶೆಡ್ಡಿಗೆ ಸೇರಿದಾಗ ಶುರು ಮಾಡಿದ್ದ ಅದೇ ಮೂಲೆಗೆ. ಮೂರು ತಿಂಗಳು. ಹುಡುಗರು ಮದರ್ ಎನ್ನುವುದನ್ನು ನಿಲ್ಲಿಸಿದರು, ಅದು ಚುಡಾಯಿಸುವುದಕ್ಕಿಂತ ಹೆಚ್ಚು ನೋಯಿಸಿತು. ಕೇಳಿದರೆ ಅವರು ಹಾಸ್ಯವನ್ನೇ ಮುಂದೆ ಮಾಡುತ್ತಾರೆ. “ಪ್ಯಾಕಿಂಗಲ್ಲಿ ಕೂತ್ಕೊಂಡು ಮಾಡ್ಬಹುದು ಸಾರ್, ಕಾಲಿಗೆ ಆರಾಮಾಯ್ತು.” ಆದರೆ ಆ ದಿನಗಳಲ್ಲಿ ಬಸ್ಸಿನ ಹತ್ತು ಬೆರಳ ಜಪ ಎಷ್ಟೋ ಸಲ ಅರ್ಧಕ್ಕೇ ನಿಂತುಹೋಗುತ್ತಿತ್ತು ಎಂದೂ ಒಪ್ಪಿಕೊಳ್ಳುತ್ತಾರೆ. ಸರಿ ಮಾಡಿದ ಮೇಲೂ ಮನಸ್ಸಿಗೆ ಸಮಾಧಾನ ತಕ್ಷಣ ಬರುವುದಿಲ್ಲ. ಈ ಸಂಗತಿಯನ್ನು ಚರ್ಚಿನ ಯಾವ ಪ್ರವಚನದಲ್ಲೂ ಯಾರೂ ಅವರಿಗೆ ಹೇಳಿರಲಿಲ್ಲ.

ಯುಗಾದಿ ಕಳೆದು ಎರಡು ದಿನಕ್ಕೆ ಯಮನೂರ ಬಂದ. ಚನ್ನವೀರಪ್ಪನವರೇ ಕರೆ ಮಾಡಿ ಮಾತಾಡಿದ್ದರು. ಅವನು ಮೂರು ಷರತ್ತು ಹಾಕಿದ್ದ: ಗೇಜಿಗೆ ಟೇಪು ಬೇಡ, ಪಾಳಿ ಶುರುವಾಗುವ ಮೊದಲು ಯಂತ್ರ ನಡೆಸುವವರೊಬ್ಬರು ಅದರ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ಅಲ್ಲ ಎಂದ ಪೀಸನ್ನು ಬೇಕೆಂದವರು ಇನ್ನೊಂದು ಉಪಕರಣದಲ್ಲಿ ಅಳೆಸಬಹುದು. ಅಂದಿನಿಂದ ಅದೇ ನಿಯಮ. ಮೊಳೆಯ ಮೇಲಿದ್ದ ತನ್ನ ಏಪ್ರನ್ನು ಕೊಡವಿ ಕಟ್ಟಿಕೊಂಡು ಅವನು ಯಂತ್ರದ ಮುಂದೆ ನಿಂತ. ಲೂರ್ದಮ್ಮನಿಗೆ “ಅರಾಮ ಅದೀರೇನ್ರಿ” ಎಂದ, ಅಷ್ಟೇ. ಮೇ ತಿಂಗಳಲ್ಲಿ ಲೂರ್ದಮ್ಮನ ಮುದ್ರೆ ವಾಪಸು ಬಂತು. ಗೇಜಿನ ಮೇಲೆ ಅವರು ಶಿಲುಬೆ ಬರೆಯುವುದನ್ನು ಬಿಟ್ಟಿದ್ದಾರೆ. “ಗುರುತು ನೋಡಿ ನಂಬ್ಬಿಟ್ಟೆ, ಕೆಳಗಿರೋದು ಓದ್ಲಿಲ್ಲ. ದೇವ್ರ ತಪ್ಪಲ್ಲ ಸಾರ್ ಅದು, ನನ್ನದು.”

ಕಳೆದ ತಿಂಗಳ ಒಂದು ಮಂಗಳವಾರ ಯಮನೂರನ ಯಂತ್ರದಿಂದ ಬಂದ ಬುಶ್ಶೊಂದರಲ್ಲಿ ನೋಗೋ ತುದಿ ಇಳಿಯಿತು. ವಾಪಸು ಬಂದಮೇಲೆ ಅವನ ಪೀಸು ಕೆಟ್ಟದ್ದು ಅದೇ ಮೊದಲು. ಲೂರ್ದಮ್ಮ ಗೇಜಿನ ಸಂಖ್ಯೆ ಓದಿದರು. ಬುಶ್ಶು ಒರೆಸಿ ಮತ್ತೆ ಇಟ್ಟರು, ಮತ್ತೆ ಇಳಿಯಿತು. ಹೌದು ಎಂದುಬಿಡು, ಇಷ್ಟಾದಮೇಲೆ ಇವನೊಬ್ಬನಿಗೆ ಹೌದು ಎಂದರೇನು ಎಂದು ಒಳಗೊಂದು ದನಿ ಹೇಳುತ್ತಿತ್ತು. ಅಕ್ಕಪಕ್ಕದವರು ಕೈಕೆಲಸ ನಿಲ್ಲಿಸಿ ನೋಡುತ್ತಿದ್ದರು. ಲೂರ್ದಮ್ಮ ತಲೆ ಎತ್ತಿ “ಅಲ್ಲ” ಎಂದರು.

ಯಮನೂರ ಬಂದು ಬುಶ್ಶನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದ. ಇನ್ನೊಂದು ಉಪಕರಣ ನಾಲ್ಕು ಹೆಜ್ಜೆಯ ದೂರದಲ್ಲಿತ್ತು, ಅದರ ಹಕ್ಕನ್ನು ಕೇಳಿ ಪಡೆದವನೇ ಅವನು. “ಕಲ್ಲ ಓರೆ ಸವದೈತ್ರಿ ಅಕ್ಕಾರ, ಬದಲಿ ಮಾಡ್ತೀನಿ” ಎಂದು ಬುಶ್ಶನ್ನು ತಾನೇ ಕೆಂಪು ತೊಟ್ಟಿಗೆ ಹಾಕಿ ಯಂತ್ರದ ಕಡೆ ಹೋದ.

ನಿವೃತ್ತಿಗೆ ಇನ್ನು ಆರು ವರ್ಷ. ದೊಡ್ಡ ಆಸೆಗಳೇನೂ ಇಲ್ಲ ಎನ್ನುತ್ತಾರೆ ಲೂರ್ದಮ್ಮ. ಅಲ್ಲ ಅನ್ನಿಸಿಕೊಂಡವರು ಮಧ್ಯಾಹ್ನ ಪಕ್ಕದಲ್ಲಿ ಕೂತು ಉಂಡರೆ ಸಾಕು. ಯಮನೂರ ಕೊನೆಗೂ ಕ್ಷಮಿಸಿದನೇ ಎಂದು ಕೇಳಿದರೆ ಅವರು ಕೈಯಲ್ಲಿದ್ದ ಬುಶ್ಶನ್ನು ಕೆಳಗಿಡುತ್ತಾರೆ.

“ಬಾಯಲ್ಲಿ ಹೇಳಿಲ್ಲ ಸಾರ್. ನಾನೂ ಕೇಳಿಲ್ಲ. ಆದ್ರೆ ಅವತ್ತು ನಾನು ಅಲ್ಲ ಅಂದಾಗ, ಇನ್ನೊಂದು ಸಲ ಅಳೀರಿ ಅಂತ ಅವನು ಅನ್ಲಿಲ್ಲ.”